ಹಳೇ ಯೆಜ್ಡಿ ನೋಡೋಕೆ ಹೋಗ್ತಿರೋರಿಗೆ

ಗೆಳೆಯರೇ, ಗುಂಪಿನಲ್ಲಿ ಇಬ್ಬರು ಹಳೇ ಯೆಜ್ಡಿ ಬೈಕ್ ಹುಡುಕ್ತಿದ್ದೀರಿ. ಅದನ್ನ ಮಾಡ್ತಿದ್ದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಎಷ್ಟೇ ಹೊಳೆದರೂ ಗಾಡಿ ಅದಕ್ಕಿಂತ ಹಳೇದೇ. ಹೊಳಪಿಗೆ ಮರುಳಾಗಬೇಡಿ.

ಮೊದಲು ಆರ್‌ಸಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಅಂಕಿ ಓದಿ ತಾಳೆ ನೋಡಿ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಆಗಿಲ್ಲ ಅಂದ್ರೆ ಅಡ್ವಾನ್ಸ್ ಕೊಡಲೇಬೇಡಿ.

ಬೆಳಿಗ್ಗೆ ಹೋಗಿ. ಕಿಕ್ ಹೊಡೆಯೋ ಮುಂಚೆ ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರೋ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಾಗೋವರೆಗೂ ಕಾಯಿರಿ; ತಣ್ಣಗಿರುವಾಗ ಸ್ಟಾರ್ಟ್ ಆಗುತ್ತಾ ಅಂತ ನೋಡಬೇಕು. ಇದು ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯೋ ಟೂ ಸ್ಟ್ರೋಕ್ ಗಾಡಿ, ಸ್ವಲ್ಪ ಹೊಗೆ ಸಹಜ. ಆದರೆ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಗೇರ್ ಆಯಿಲ್ ಕೂಡ ಕಮ್ಮಿಯಾಗ್ತಿದ್ದರೆ ಕ್ರ್ಯಾಂಕ್ ಸೀಲ್ (ಗೇರ್ ಆಯಿಲ್ ಎಂಜಿನ್ ಒಳಗೆ ಹೋಗಿ ಉರಿಯದಂತೆ ತಡೆಯೋ ರಬ್ಬರ್ ಬಳೆ) ಹೋಗಿರುತ್ತೆ. ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತೆ. ನಾನು ಇದನ್ನೇ ಗಮನಿಸದೆ ತಗೊಂಡು, ಎರಡು ತಿಂಗಳು ಗಾಡಿ ಶೆಡ್ಡಲ್ಲೇ ನಿಂತಿತ್ತು.

ಟ್ಯಾಂಕ್ ಮುಚ್ಚಳ ತೆಗೆದು ಬಿಸಿಲಲ್ಲಿ ಒಳಗೆ ನೋಡಿ. ಕೆಂಪು ತುಕ್ಕಿನ ಪುಡಿ ಇದ್ದರೆ ಪೆಟ್ರೋಲ್‌ಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಪದೇಪದೇ ಕಟ್ಟಿಕೊಳ್ಳುತ್ತೆ. ಸೀಟು, ಪೇಂಟು ಆಮೇಲೆ ಮಾಡಿಸಬಹುದು.

ಭಾನುವಾರ ನಾನು ಬಿಡುವಾಗಿರ್ತೀನಿ. ಜೊತೆಗೆ ಬರಬೇಕಂದ್ರೆ ಇಲ್ಲೇ ಹೇಳಿ.