ಕೊನೆಯ ಬಸ್ಸಿನ ಲೆಕ್ಕ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರೇ,

ನಗರದ ರಾತ್ರಿ ಕಳೆಗುಂದಿದೆ ಎಂಬ ದೂರು ಬಂದಾಗಲೆಲ್ಲ ದೀಪಾಲಂಕಾರದ ಮಾತು, ವರ್ಷಕ್ಕೊಂದು ಉತ್ಸವದ ಮಾತು ಏಳುತ್ತದೆ. ಊಟದ ಮನೆ, ಸಂಗೀತದ ಜಾಗ, ಪುಟ್ಟ ರಂಗಮಂದಿರ ನಡೆಸುವ ನಮಗೆ ಉತ್ಸವದ ಮೇಲೆ ಮುನಿಸಿಲ್ಲ. ಆದರೆ ನಾವು ಮೊದಲು ಕೇಳುತ್ತಿರುವುದು ಬಸ್ಸು.

ಕೊನೆಯ ಬಸ್ಸು ರಾತ್ರಿ 11:30ಕ್ಕೆ ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ. ಪಾತ್ರೆ ತೊಳೆಯುವವರು 11:15ಕ್ಕೆ ಬಾಗಿಲು ದಾಟಬೇಕು. ಅದಕ್ಕೂ ಮುಂಚೆ ಒಲೆ ಒರೆಸಬೇಕು, ಹೊಗೆ ಎಳೆಯುವ ಜಾಲರಿಯ ಜಿಡ್ಡು ತೆಗೆಯಬೇಕು, ಮಿಕ್ಕ ಆಹಾರ ತಣಿಸಿ ಫ್ರಿಜ್ಜಿಗಿಡಬೇಕು, ನೆಲ ತೊಳೆಯಬೇಕು, ಗಲ್ಲಾ ಎಣಿಸಬೇಕು. ಎಷ್ಟು ಚುರುಕಾದರೂ 45 ನಿಮಿಷ. ಅಂದರೆ 10:30ಕ್ಕೆ ಒಲೆ ಆರಬೇಕು, 10ಕ್ಕೇ ಕೊನೆಯ ಆರ್ಡರ್. ನಾಟಕ ಮುಗಿಸಿ ಹತ್ತು ಗಂಟೆಗೆ ಹೊರಬಂದವರಿಗೆ ಎಲ್ಲಿದೆ ಊಟ? ಲೈಸೆನ್ಸಿನಲ್ಲಿ ರಾತ್ರಿ 1 ಗಂಟೆಯವರೆಗೆ ಅನುಮತಿ ಇದ್ದರೂ ಅದು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಕಾಗದವಷ್ಟೇ. ಟ್ಯಾಕ್ಸಿ ಇದೆಯಲ್ಲ ಎನ್ನಬೇಡಿ. ಬಾಡಿಗೆ ತಾಳಲಾರದೆ ಊರಂಚಿಗೆ ಸರಿದ ಕೆಲಸಗಾರರಿಗೆ ಅದು ಆ ರಾತ್ರಿಯ ಕೂಲಿಯನ್ನೇ ನುಂಗುವ ಖರ್ಚು.

ನಮ್ಮ ಮಳಿಗೆಯ ಬಾಡಿಗೆಗೆ ಗಂಟೆಯ ಹಂಗಿಲ್ಲ. ತಿಂಗಳಿಗೆ 26 ರಾತ್ರಿ, ಆರಾರು ಗಂಟೆ ತೆರೆದಿದ್ದರೆ ಆ ಹೊರೆ 156 ಗಂಟೆಗಳ ಮೇಲೆ ಹಂಚಿಹೋಗುತ್ತದೆ. ನಾಲ್ಕು ಗಂಟೆಗೆ ಇಳಿದರೆ ಉಳಿಯುವುದು 104 ಗಂಟೆ. ಪ್ರತಿ ಗಂಟೆಯ ಪಾಲು ಒಂದೂವರೆ ಪಟ್ಟು. ಆಗ ದರ ಏರಿಸಬೇಕು. ಏರಿಸಿದರೆ, ಮನೆ ಬಾಡಿಗೆ ಕಟ್ಟಿ ಕೈಯಲ್ಲಿ ಚೂರುಪಾರು ಉಳಿಸಿಕೊಂಡ ಗಿರಾಕಿ ಮನೆಯಲ್ಲೇ ಉಂಡು ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಸಣ್ಣ ವೇದಿಕೆಗಳಲ್ಲಿ ಟಿಕೆಟ್ಟಿನ ಹಣ ಕಲಾವಿದರ ಸಂಭಾವನೆಗೇ ಸಾಲದೆ, ಊಟ-ಪಾನೀಯದ ಗಳಿಕೆಯೇ ವೇದಿಕೆಯನ್ನು ಸಾಕುವುದು ಮಾಮೂಲಿ. ಮೊದಲು ಸೊರಗುವುದೂ ಆ ಗಳಿಕೆಯೇ.

ಎರಡನೆಯದು ಸದ್ದು. ನಿದ್ದೆಗೆಟ್ಟ ನೆರೆಯವರ ದೂರು ಸುಳ್ಳಲ್ಲ, ಅಳೆಯುವ ಕ್ರಮ ತಪ್ಪು. ತಪಾಸಣೆಗೆ ಬರುವವರು ಮೀಟರನ್ನು ಕಿವಿಯ ಗ್ರಹಿಕೆಗೆ ಹೊಂದಿಸಿದ 'ಎ' ಮಾಪನದಲ್ಲಿ ಇಡುತ್ತಾರೆ. ಅದು 63 ಹರ್ಟ್ಸ್‌ನ ಬೇಸ್ ಸದ್ದನ್ನು ಸುಮಾರು 26 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಗೋಡೆ ದಾಟಿ ಮಂಚ ನಡುಗಿಸುವುದು ಆ ಬೇಸ್ ಸದ್ದೇ. ಹಾಗಾಗಿ ಮೀಟರ್ ಸರಿ ಎನ್ನುತ್ತದೆ, ನೆರೆಯವರು ಎದ್ದು ಕೂರುತ್ತಾರೆ. ಆವರ್ತನ ಬಿಡಿಬಿಡಿಯಾಗಿ ಅಳೆಯಿರಿ, ದೂರು ಕೊಟ್ಟವರ ಕೋಣೆಯಲ್ಲೇ ಅಳೆಯಿರಿ. ಇನ್ನು, ಗೋಡೆ ಎಷ್ಟೇ ದಪ್ಪವಿರಲಿ, ಅದರ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ಬಿರುಕು ತೆರೆದಿದ್ದರೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಗದು. ಗೋಡೆಗೆ ಸ್ಪಂಜು ಅಂಟಿಸಿ ಹಣ ಕಳೆದುಕೊಂಡವರು ನಮ್ಮಲ್ಲೇ ಎಷ್ಟೋ ಮಂದಿ. ಸ್ಪಂಜು ಒಳಗಿನ ಮಾರ್ದನಿ ತಗ್ಗಿಸುತ್ತದೆ, ಹೊರಹೋಗುವುದನ್ನಲ್ಲ. ಬೇಕಾದದ್ದು ಸಂದಿ ಮುಚ್ಚಿದ ಜೋಡಿ ಬಾಗಿಲು, ಬೇಸ್ ಸ್ಪೀಕರಿನಡಿ ನೆಲದಿಂದ ಬೇರ್ಪಡಿಸುವ ಸ್ಪ್ರಿಂಗ್ ಅಥವಾ ರಬ್ಬರ್ ಪೀಠ, ಸದ್ದು ಮಿತಿ ಮೀರದಂತೆ ತಡೆಯುವ, ಸೀಲ್ ಹಾಕಿದ ಲಿಮಿಟರ್. ಇದಕ್ಕೆ ಪಾಲಿಕೆ ಬಡ್ಡಿರಹಿತ ಸಾಲ ಕೊಡಲಿ. ಹಳೆಯ ವೇದಿಕೆಯ ಪಕ್ಕ ಹೊಸ ವಸತಿ ಕಟ್ಟಡ ಎದ್ದರೆ ಸದ್ದು ತಡೆಯುವ ಖರ್ಚು ಕಟ್ಟುವವರದ್ದಾಗಲಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲೂ ಇಂಗ್ಲೆಂಡ್ 2018ರಲ್ಲೂ ಈ ತತ್ವವನ್ನು ಯೋಜನಾ ನಿಯಮಕ್ಕೆ ಸೇರಿಸಿವೆ.

ಬಾಗಿಲು ಬೇಗ ಮುಚ್ಚಿಸುವುದು ಮದ್ದಲ್ಲ. ಸಿಡ್ನಿಯ ನಡುನಗರದಲ್ಲಿ 2014ರಲ್ಲಿ ರಾತ್ರಿ 1:30ರ ನಂತರ ಬಾರುಗಳಿಗೆ ಗಿರಾಕಿಗಳನ್ನು ಒಳಬಿಡಬಾರದೆಂಬ ನಿಯಮ ಬಂತು. 2020ರಲ್ಲಿ ಬಹುಪಾಲು ಪ್ರದೇಶದಲ್ಲಿ ಅದನ್ನು ಹಿಂತೆಗೆದರು. ಲಂಡನ್ 2016ರಲ್ಲಿ ಶುಕ್ರವಾರ, ಶನಿವಾರ ರಾತ್ರಿಯಿಡೀ ಮೆಟ್ರೋ ಓಡಿಸಲು ಶುರುಮಾಡಿತು.

ನಾವು ಕೇಳುವುದು ಅಷ್ಟೂ ಅಲ್ಲ. ಶುಕ್ರವಾರ, ಶನಿವಾರ ಎರಡು ಮುಖ್ಯ ಮಾರ್ಗಗಳಲ್ಲಿ ರಾತ್ರಿ 2 ಗಂಟೆಯವರೆಗೆ ಅರ್ಧ ಗಂಟೆಗೊಂದು ಬಸ್ಸು ಬಿಡಿ. ಗಂಟೆಗೊಂದು ಬಿಟ್ಟರೆ ಯಾರೂ ನಂಬುವುದಿಲ್ಲ. ಒಂದು ತಪ್ಪಿದರೆ ನಡುರಾತ್ರಿ ಒಂದು ಗಂಟೆ ನಿಲ್ಲುವವರು ಯಾರು? ಎರಡೂ ಮಾರ್ಗ ಒಂದೇ ನಿಲ್ದಾಣದಲ್ಲಿ ಕೂಡಲಿ, ಅಲ್ಲಿ ಬೆಳಕೂ ಶೌಚಾಲಯವೂ ಇರಲಿ. ಒಂದು ತಿಂಗಳು ನೋಡಿ ಬಸ್ಸು ಖಾಲಿ ಎಂದು ನಿಲ್ಲಿಸಬೇಡಿ. ಹೊಸ ವೇಳೆಗೆ ತಕ್ಕಂತೆ ನಾವು ಪಾಳಿ ಬದಲಿಸಬೇಕು, ಪ್ರದರ್ಶನ ಗೊತ್ತುಮಾಡಬೇಕು. ಕನಿಷ್ಠ ಆರು ತಿಂಗಳು ಬೇಕು. ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ಹತ್ತಿದರು ಎಂಬುದು ಟಿಕೆಟ್ ಯಂತ್ರದಲ್ಲೇ ಸಿಗುತ್ತದೆ. ಒಲೆ ಆರಿಸಿದ ಹೊತ್ತಿನ ದಾಖಲೆಯನ್ನು ನಾವು ವಾರವಾರ ತಮ್ಮ ಕಚೇರಿಗೆ ಕಳಿಸುತ್ತೇವೆ.

ಇತಿ,
ರಾತ್ರಿ ಪಾಳಿಯ ಸಣ್ಣ ಉದ್ಯಮಿಗಳು ಮತ್ತು ಕೆಲಸಗಾರರು