ನಿನ್ನ ಮುಂಬೈಯ ಜೊತೆಗೇ ಬಳುವಳಿಗೆ ಹೋದ ಊರು

ಪ್ರಿಯ ಗೆಳೆಯಾ,

ನೀನು ಕಳಿಸಿದ ಅಂಚೆಚೀಟಿಯ ಫೋಟೋ ನೋಡಿದೆ. ಆರನೇ ಜಾರ್ಜ್ ದೊರೆಯ ಮುಖ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಟ್ಯಾಂಜಿಯರ್ ಅಂತ ಅಚ್ಚು. ‘ಇದು ಯಾವ ದೇಶ ಮಾರಾಯ, ದೇಶಗಳ ಪಟ್ಟಿಯಲ್ಲೇ ಇಲ್ವಲ್ಲ’ ಅಂತ ಕೇಳಿದ್ದೀಯ. ದೇಶ ಅಲ್ಲ, ಊರು. ಈಗ ಮೊರಾಕ್ಕೊದಲ್ಲಿದೆ. ಎರಡು ಸಾಲಲ್ಲಿ ಉತ್ತರ ಬರೆದು ಮುಗಿಸೋಣ ಅಂದುಕೊಂಡೆ, ಆಗಲಿಲ್ಲ. ಹೊನ್ನಾವರದಲ್ಲಿ ಹುಟ್ಟಿ ಮುಂಬೈಯಲ್ಲಿ ಸಂಸಾರ ಹೂಡಿದ ನಿನಗೆ ಈ ಊರಿನ ಜೊತೆ ಎರಡೆರಡು ನಂಟಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನಕ್ಷೆ ತೆಗೆದು ನೋಡು. ಮೆಡಿಟರೇನಿಯನ್ ಸಮುದ್ರಕ್ಕೆ ಪಶ್ಚಿಮದಲ್ಲಿ ಇರುವ ಬಾಗಿಲು ಜಿಬ್ರಾಲ್ಟರ್ ಜಲಸಂಧಿ ಒಂದೇ. ತೀರಾ ಕಿರಿದಾದ ಕಡೆ ಅದರ ಅಗಲ ಸುಮಾರು 14 ಕಿಲೋಮೀಟರ್. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ತನಕ ಅಟ್ಲಾಂಟಿಕ್ ಆಗಲಿ ಹಿಂದೂ ಮಹಾಸಾಗರವಾಗಲಿ, ಹೊರಗಿನ ಸಾಗರಕ್ಕೆ ಹೋಗುವ ಹಡಗಿಗೆ ಬೇರೆ ದಾರಿಯೇ ಇರಲಿಲ್ಲ. ಆ ಜಲಸಂಧಿಯ ಆಫ್ರಿಕಾ ದಡದಲ್ಲಿ, ಅಟ್ಲಾಂಟಿಕ್ ಕಡೆಯ ತುದಿಗೆ ಹತ್ತಿರದಲ್ಲಿ ಟ್ಯಾಂಜಿಯರ್ ಕೂತಿದೆ. ಒಳಗೆ ಬರುವ, ಹೊರಗೆ ಹೋಗುವ ಹಡಗೆಲ್ಲ ಅದರ ಕಣ್ಣೆದುರೇ ಹಾಯಬೇಕು. ಊರಿಗೆ ಬಂದ ಎಲ್ಲ ಭಾಗ್ಯಕ್ಕೂ ಎಲ್ಲ ಗ್ರಹಚಾರಕ್ಕೂ ಇದೇ ಕಾರಣ.

ಫಿನಿಷಿಯನ್ನರು, ರೋಮನ್ನರು, ಅರಬರು, ಬರ್ಬರ್ ಅರಸರು ಎಲ್ಲರೂ ಆಳಿ ಹೋದರು. ಆ ಕಾಲದ ಒಂದೇ ಒಂದು ಸಂಗತಿ ಹೇಳಿಬಿಡುತ್ತೇನೆ. 1304ರಲ್ಲಿ ಇಲ್ಲಿ ಹುಟ್ಟಿದವನು ಇಬ್ನ್ ಬತೂತ. ಇಪ್ಪತ್ತೊಂದರ ವಯಸ್ಸಿಗೆ ಹಜ್ ಅಂತ ಮನೆ ಬಿಟ್ಟವನು ದೆಹಲಿ ದಾಟಿ, ಕರಾವಳಿಗೆ ಇಳಿದು, ನಿನ್ನ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು, ಹೆಂಗಸರಿಗೆ ಕುರಾನ್ ಬಾಯಿಪಾಠ ಬರುತ್ತಿತ್ತು, ಬೇರೆಲ್ಲೂ ಇಂಥದ್ದು ಕಾಣಲಿಲ್ಲ ಅಂತ ಹೇಳಿ ಬರೆಸಿದ್ದಾನೆ. ಆಮೇಲೆ ಬಾರಕೂರು, ಮಂಗಳೂರು ದಾಟಿ ಕೇರಳದ ಕಡೆ ಹೋದ. ಟ್ಯಾಂಜಿಯರ್‌ನ ವಿಮಾನ ನಿಲ್ದಾಣಕ್ಕೆ ಈಗ ಅವನದೇ ಹೆಸರು.

ಇನ್ನು ಮುಂಬೈ ನಂಟು. 1471ರಿಂದ ಟ್ಯಾಂಜಿಯರ್ ಪೋರ್ಚುಗೀಸರ ಕೈಯಲ್ಲಿತ್ತು. 1661ರಲ್ಲಿ ಅವರ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಡುವ ಮಾತಾಯಿತು. ಸ್ಪೇನಿನ ಕಾಟ ತಡೆಯಲು ಪೋರ್ಚುಗಲ್‌ಗೆ ಇಂಗ್ಲೆಂಡಿನ ಬಲ ಬೇಕಿತ್ತು. ಚಾರ್ಲ್ಸ್‌ಗೆ ದುಡ್ಡು ಬೇಕಿತ್ತು. ಬಳುವಳಿಯಾಗಿ ಇಪ್ಪತ್ತು ಲಕ್ಷ ಕ್ರುಜಾದೊ ನಾಣ್ಯ, ಜೊತೆಗೆ ಎರಡು ಊರು: ಬೊಂಬಾಯಿ ಮತ್ತು ಟ್ಯಾಂಜಿಯರ್. ಲಂಡನ್ನಿನಲ್ಲಿ ಎಲ್ಲರ ಕಣ್ಣು ಬಿದ್ದದ್ದು ಟ್ಯಾಂಜಿಯರ್ ಮೇಲೆ. ಬೊಂಬಾಯಿಯನ್ನು ದೊರೆ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟು ಕೈ ತೊಳೆದುಕೊಂಡ. ಈಗ ಆ ಊರಲ್ಲಿ ನೀನು ಎರಡು ರೂಮಿನ ಮನೆಗೆ ಎಷ್ಟು ಕೊಡ್ತಿದ್ದೀಯ ಅಂತ ನಾನು ಕೇಳುವುದಿಲ್ಲ.

ಅದೇ 1668ರಲ್ಲಿ ಟ್ಯಾಂಜಿಯರ್‌ಗೆ ಮಾತ್ರ ರಾಜಸನ್ನದು ಬಂತು. ಇಂಗ್ಲೆಂಡಿನ ಊರುಗಳ ಹಾಗೆ ಮೇಯರು, ಪುರಸಭೆ ಎಲ್ಲ. ಅಲೆಯ ಹೊಡೆತದಿಂದ ಹಡಗುಗಳನ್ನು ಕಾಯಲು ಸಮುದ್ರದೊಳಕ್ಕೆ ನಾನೂರು ಗಜಕ್ಕೂ ಉದ್ದವಾಗಿ ಕಲ್ಲಿನ ಬ್ರೇಕ್‌ವಾಟರ್ ಕಟ್ಟಲು ಹೊರಟರು. ಚಳಿಗಾಲದ ಬಿರುಗಾಳಿ ಕಟ್ಟಿದ್ದನ್ನು ಕಿತ್ತುಹಾಕುತ್ತಿತ್ತು, ಇವರು ಮತ್ತೆ ಕಲ್ಲು ತುಂಬುತ್ತಿದ್ದರು. ಲಂಡನ್ನಿನಲ್ಲಿ ಟ್ಯಾಂಜಿಯರ್ ಸಮಿತಿಯ ಖಜಾಂಚಿಯಾಗಿದ್ದವನು ಸ್ಯಾಮ್ಯುಯೆಲ್ ಪೀಪ್ಸ್, ದಿನಚರಿ ಬರೆದು ಹೆಸರಾದವನು. ಆ ಹುದ್ದೆಯಿಂದ ತನ್ನ ಜೇಬಿಗೆ ಎಷ್ಟು ಬಂತು ಅನ್ನುವುದನ್ನೂ ಅವನು ಮುಚ್ಚಿಡಲಿಲ್ಲ!

ಕೋಟೆಯ ಹೊರಗೆ ಮೊರಾಕ್ಕೊದವರು ಸುಮ್ಮನಿರಲಿಲ್ಲ. 1664ರ ಮೇ ತಿಂಗಳಲ್ಲಿ ಗವರ್ನರ್ ಟೀವಿಯಟ್ ಸೌದೆ ಕಡಿಸಲು ಸೈನಿಕರನ್ನು ಕರೆದುಕೊಂಡು ಹೊರಟ. ಹೊಂಚು ಹಾಕಿದ್ದವರ ಕೈಗೆ ಸಿಕ್ಕಿ ಅವನೂ ಸತ್ತ, ನಾನೂರಕ್ಕೂ ಹೆಚ್ಚು ಜನರೂ ಸತ್ತರು. ಇತ್ತ ಪಾರ್ಲಿಮೆಂಟು ದುಡ್ಡು ಬಿಚ್ಚಲಿಲ್ಲ. ಅಲ್ಲಿ ಕ್ಯಾಥೊಲಿಕ್ ಸೈನಿಕರು ಜಾಸ್ತಿ, ಇವತ್ತು ಅಲ್ಲಿರುವ ಪಡೆಯನ್ನು ದೊರೆ ನಾಳೆ ನಮ್ಮ ಮೇಲೇ ತಿರುಗಿಸಿದರೆ ಅನ್ನುವ ಅನುಮಾನ ಅವರಿಗೆ. ಕೊನೆಗೆ 1683ರಲ್ಲಿ ಲಾರ್ಡ್ ಡಾರ್ಟ್‌ಮತ್‌ನನ್ನು ಹಡಗುಪಡೆಯ ಜೊತೆ ಕಳಿಸಿದರು, ಪೀಪ್ಸ್ ಕೂಡ ಹೋದ. ವರ್ಷಗಟ್ಟಲೆ ಕಟ್ಟಿದ ಬ್ರೇಕ್‌ವಾಟರನ್ನು ಮದ್ದು ಇಟ್ಟು ಒಡೆದರು. ಕಟ್ಟುವಾಗ ನಿಲ್ಲದೆ ಸತಾಯಿಸಿದ್ದ ಅದು ಒಡೆಯುವಾಗಲೂ ಸುಲಭಕ್ಕೆ ಬಗ್ಗಲಿಲ್ಲ, ತಿಂಗಳುಗಳೇ ಹಿಡಿದವು. 1684ರ ಫೆಬ್ರವರಿಯಲ್ಲಿ ಊರು ಮೊರಾಕ್ಕೊದ ಸುಲ್ತಾನ ಮೌಲಾಯ್ ಇಸ್ಮಾಯಿಲ್‌ನ ಪಾಲಾಯಿತು. ಇಪ್ಪತ್ತು ವರ್ಷದ ಮೇಲೆ, 1704ರಲ್ಲಿ, ಇಂಗ್ಲಿಷರು ಎದುರು ದಡದ ಜಿಬ್ರಾಲ್ಟರ್ ಹಿಡಿದರು. ಅದನ್ನು ಇವತ್ತಿಗೂ ಬಿಟ್ಟಿಲ್ಲ.

ನನಗೆ ಇದಕ್ಕಿಂತ ಕುತೂಹಲ ಆಗಿದ್ದು ಮುಂದಿನದು. ಪರದೇಶದ ರಾಯಭಾರಿಗಳು ಒಳನಾಡಿನ ಫೆಜ್‌ನಲ್ಲಿ, ತಮ್ಮ ಅರಮನೆಯ ಪಕ್ಕದಲ್ಲಿ ಓಡಾಡುವುದು ಸುಲ್ತಾನರಿಗೆ ಬೇಡವಾಗಿತ್ತು. ಕಡಲಂಚಿನ ಟ್ಯಾಂಜಿಯರ್‌ನಲ್ಲೇ ಇರಲಿ ಅಂದರು. ಅಮೆರಿಕದವರಿಗೆ 1821ರಲ್ಲಿ ಸುಲ್ತಾನನೇ ಅಲ್ಲಿ ಒಂದು ಮನೆ ಉಡುಗೊರೆ ಕೊಟ್ಟ. ಪರದೇಶದಲ್ಲಿ ಅಮೆರಿಕ ಸರ್ಕಾರಕ್ಕೆ ಸಿಕ್ಕ ಮೊದಲ ಆಸ್ತಿ ಅದು. ಈಗಲೂ ಇದೆ, ಹಳೇ ಪೇಟೆಯ ಓಣಿಯ ಮೇಲೆ ಕಮಾನು ಕಟ್ಟಿ ಎರಡೂ ಬದಿಯ ಮನೆ ಸೇರಿಸಿದ ಕಟ್ಟಡ.

ದೂರ ಇಟ್ಟರೆ ಕಾಟ ತಪ್ಪುತ್ತೆ ಅಂದುಕೊಂಡರೆ ಆದದ್ದೇ ಬೇರೆ. ಕಾನ್ಸುಲರು, ಅಂದರೆ ಅಲ್ಲಿದ್ದ ಪರದೇಶದ ಪ್ರತಿನಿಧಿಗಳೆಲ್ಲ ಸೇರಿ ಆರೋಗ್ಯ ಮಂಡಳಿ ಮಾಡಿಕೊಂಡರು. ಕಾಲರಾ, ಪ್ಲೇಗ್ ಬರದ ಹಾಗೆ ಹಡಗುಗಳನ್ನು ತಡೆದು ನಿಲ್ಲಿಸುವುದು ಅವರ ಕೆಲಸ. ಆಮೇಲೆ ಚರಂಡಿ, ಬೀದಿ, ಕಸ ಅಂತ ಒಂದೊಂದೇ ಅವರ ಕೈಗೆ ಹೋಯಿತು. ಸ್ಪಾರ್ಟೆಲ್ ಭೂಶಿರದ ದೀಪಸ್ತಂಭದ ಕಥೆಯೂ ಹೀಗೇ. ಕಟ್ಟಿದ ಖರ್ಚು ಮೊರಾಕ್ಕೊದ್ದು. ಆದರೆ 1865ರ ಒಪ್ಪಂದದ ಪ್ರಕಾರ ಅದನ್ನು ನಡೆಸುವ ಅಧಿಕಾರ ಪರದೇಶದ ಪ್ರತಿನಿಧಿಗಳ ಮಂಡಳಿಗೆ. ನೆಲ ಸುಲ್ತಾನನದು, ದೀಪ ಹಚ್ಚುವವರು ಬೇರೆಯವರು. ಊರನ್ನು ಮುಂದೆ ಆಳಿದ ರೀತಿಯ ತಾಲೀಮು ಇಲ್ಲೇ ಆಯಿತು ಅಂತ ನನಗೆ ಅನ್ನಿಸುತ್ತದೆ.

1905ರ ಮಾರ್ಚ್ 31ಕ್ಕೆ ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್ ಇಲ್ಲಿ ಹಡಗಿನಿಂದ ಇಳಿದು, ಕುದುರೆ ಏರಿ, ಮೊರಾಕ್ಕೊ ಸ್ವತಂತ್ರವಾಗಿಯೇ ಇರಬೇಕು ಅಂತ ಸಾರಿ ಹೋದ. ಸುಲ್ತಾನನ ಮೇಲಿನ ಪ್ರೀತಿಯಿಂದಲ್ಲ, ಫ್ರಾನ್ಸನ್ನು ಕೆಣಕಲು. ಯೂರೋಪಿನಲ್ಲಿ ದೊಡ್ಡ ಗದ್ದಲವೇ ಆಯಿತು. 1912ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಮೊರಾಕ್ಕೊವನ್ನು ಹಂಚಿಕೊಂಡವು. ಟ್ಯಾಂಜಿಯರ್ ಮಾತ್ರ ಇತ್ಯರ್ಥವಾಗದೆ ಉಳಿಯಿತು. ಜಿಬ್ರಾಲ್ಟರ್‌ಗೆ ಎದುರಾಗಿ ಫ್ರಾನ್ಸ್ ಕೋಟೆ ಕಟ್ಟುವುದು ಬ್ರಿಟನ್‌ಗೆ ಬೇಡ. ಸುತ್ತಲೂ ತನ್ನ ವಲಯವೇ ಇರುವಾಗ ಊರು ಬೇರೆಯವರದಾಗುವುದು ಸ್ಪೇನ್‌ಗೆ ಬೇಡ. ಫ್ರಾನ್ಸ್‌ಗೆ ಸುಲ್ತಾನನ ಹೆಸರಲ್ಲಿ ಎಲ್ಲವೂ ಬೇಕು. ತನಗೆ ಸಿಗದಿದ್ದರೂ ಪರವಾಗಿಲ್ಲ, ಇನ್ನೊಬ್ಬನಿಗೆ ಸಿಗಬಾರದು. ಈ ಹಠವನ್ನೇ ಕಾನೂನು ಮಾಡಿದ್ದು 1923ರ ಡಿಸೆಂಬರ್ 18ರ ಪ್ಯಾರಿಸ್ ಒಪ್ಪಂದ. 1925ರಿಂದ ಅದು ಜಾರಿಗೆ ಬಂತು. ಊರಿನ ಹೆಸರು ಅಂತರರಾಷ್ಟ್ರೀಯ ವಲಯ.

ಆಡಳಿತ ಹೇಗಿತ್ತು ಕೇಳು. ಮೇಲೆ ಕಾನ್ಸುಲರ ನಿಯಂತ್ರಣ ಸಮಿತಿ. ಅದರ ಅಧ್ಯಕ್ಷತೆ ಸರದಿಯ ಪ್ರಕಾರ. ಕೆಳಗೆ 26 ಜನರ ಶಾಸನಸಭೆ: ಫ್ರಾನ್ಸ್ 4, ಸ್ಪೇನ್ 4, ಬ್ರಿಟನ್ 3, ಇಟಲಿ 2, ಅಮೆರಿಕ, ಬೆಲ್ಜಿಯಂ, ಹಾಲೆಂಡ್, ಪೋರ್ಚುಗಲ್ ತಲಾ 1. ಉಳಿದ ಒಂಬತ್ತರಲ್ಲಿ ಆರು ಊರಿನ ಮುಸ್ಲಿಮರಿಗೆ, ಮೂರು ಊರಿನ ಯಹೂದಿಗಳಿಗೆ. ಮುಸೊಲಿನಿ ತಗಾದೆ ತೆಗೆದ ಮೇಲೆ 1928ರಲ್ಲಿ ಇಟಲಿಗೆ ಇನ್ನೊಂದು ಸೀಟು ಕೊಟ್ಟರು. ಅಮೆರಿಕ ತನ್ನ ಸೀಟಿಗೆ ಬರಲೇ ಇಲ್ಲ, ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಸುಲ್ತಾನನ ಪ್ರತಿನಿಧಿಗೆ ಮೆಂದೂಬ್ ಅಂತ ಹೆಸರು. ಅವನೇ ಸಭೆಯ ಅಧ್ಯಕ್ಷ. ಆದರೆ ಸುಲ್ತಾನನೇ ಫ್ರಾನ್ಸಿನ ಹಿಡಿತದಲ್ಲಿದ್ದ. ಹಾಗಾಗಿ ಮೆಂದೂಬನ ಹಿಂದೆ ಯಾರಿದ್ದರು ಅಂತ ಬಿಡಿಸಿ ಹೇಳಬೇಕಾ? ನಿಮ್ಮ ಹೌಸಿಂಗ್ ಸೊಸೈಟಿ ಕಮಿಟಿಯನ್ನು ನೆನೆಸಿಕೋ. ಎಲ್ಲರಿಗೂ ಸೀಟು ಬೇಕು, ಪಕ್ಕದವನು ಲಿಫ್ಟ್ ರಿಪೇರಿ ಮಾಡಿಸಿ ಹೆಸರು ತಗೋಬಾರದು.

ಕೋರ್ಟೂ ಹಾಗೇ. ಮಿಶ್ರ ನ್ಯಾಯಾಲಯದಲ್ಲಿ ಬೇರೆ ಬೇರೆ ದೇಶದ ಜಡ್ಜುಗಳು ಒಟ್ಟಿಗೆ ಕೂರುತ್ತಿದ್ದರು. ಅಮೆರಿಕದವರಿಗೆ ಅವರದೇ ಕಾನ್ಸುಲರ್ ಕೋರ್ಟು ಬೇರೆ. ಊರಿನ ಮುಸ್ಲಿಮರಿಗೆ ಮೆಂದೂಬನ ನ್ಯಾಯ, ಯಹೂದಿಗಳಿಗೆ ಅವರ ಧರ್ಮಗುರುಗಳಾದ ರಬ್ಬಿಗಳ ನ್ಯಾಯ. ಅಂಗಡಿಯಲ್ಲಿ ಫ್ರೆಂಚರ ಫ್ರಾಂಕೂ ನಡೆಯುತ್ತಿತ್ತು, ಸ್ಪೇನಿನ ಪೆಸೆಟಾನೂ ನಡೆಯುತ್ತಿತ್ತು. ಅಂಚೆ ಕಚೇರಿ ಫ್ರೆಂಚರದ್ದು ಒಂದು, ಸ್ಪೇನಿನದ್ದು ಒಂದು, ಬ್ರಿಟಿಷರದ್ದು ಒಂದು. ಯಾವುದರಲ್ಲಿ ಬೇಕಾದರೂ ಕಾಗದ ಹಾಕಬಹುದಿತ್ತು. ನಿನ್ನ ಚೀಟಿ ಬ್ರಿಟಿಷ್ ಕಚೇರಿಯದ್ದು. ಲಂಡನ್ನಿನ ಮಾಮೂಲಿ ಚೀಟಿಗೇ ಊರಿನ ಹೆಸರು ಅಚ್ಚು ಹಾಕಿ ಕಳಿಸುತ್ತಿದ್ದರು. 1957ರಲ್ಲಿ ಆ ಕಚೇರಿಗೆ ನೂರು ವರ್ಷ ತುಂಬಿತು ಅಂತ 1857-1957 ಅಂತಲೂ ಅಚ್ಚು ಹಾಕಿದ ಸರಣಿ ಬಂತು. ಅದೇ ತಿಂಗಳ ಕೊನೆಗೆ ಕಚೇರಿ ಮುಚ್ಚಿದರು! ಆ ಸರಣಿ ಸಿಕ್ಕರೆ ಬಿಡಬೇಡ.

1940ರ ಜೂನ್ 14ಕ್ಕೆ ಜರ್ಮನರು ಪ್ಯಾರಿಸ್ ಹೊಕ್ಕರು. ಅದೇ ದಿನ ಸರ್ವಾಧಿಕಾರಿ ಫ್ರಾಂಕೋನ ಸ್ಪೇನ್ ಟ್ಯಾಂಜಿಯರ್‌ಗೆ ಸೈನ್ಯ ನುಗ್ಗಿಸಿತು. ಊರನ್ನು ತಟಸ್ಥವಾಗಿ ಇಡುವುದಕ್ಕೆ ಅಂತ ನೆಪ. ಮೆಂದೂಬನನ್ನು ಓಡಿಸಿ ಅವನ ಬಂಗಲೆಯನ್ನು ಜರ್ಮನ್ ಕಾನ್ಸುಲರಿಗೆ ಕೊಟ್ಟರು. 1945ರಲ್ಲಿ ಸ್ಪೇನ್ ಜಾಗ ಖಾಲಿ ಮಾಡಿತು, ಹಳೆ ವ್ಯವಸ್ಥೆ ವಾಪಸ್ ಬಂತು. ಈ ಸಲ ಆಡಳಿತಗಾರನ ಕುರ್ಚಿಗೆ ಪೋರ್ಚುಗಲ್, ಹಾಲೆಂಡ್, ಬೆಲ್ಜಿಯಂನಂಥ ಸಣ್ಣ ದೇಶದವರನ್ನು ಕೂರಿಸಿದರು.

ಮುಂದಿನ ಹತ್ತು ವರ್ಷದ್ದೇ ಎಲ್ಲರೂ ಬಾಯಿ ಚಪ್ಪರಿಸಿ ಹೇಳುವ ಟ್ಯಾಂಜಿಯರ್. ಆದಾಯ ತೆರಿಗೆ ಇಲ್ಲ. ಯೂರೋಪಿನಲ್ಲಿ ಚಿನ್ನ, ನೋಟು ಎಲ್ಲಕ್ಕೂ ಕಟ್ಟುಪಾಡು ಇದ್ದಾಗ ಇಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಮಾರಬಹುದು. ಬ್ಯಾಂಕುಗಳು ಸಾಲಾಗಿ ಬಂದವು. ಯುದ್ಧದಲ್ಲಿ ಓಡಿದ್ದ ವೇಗದ ದೋಣಿಗಳನ್ನೇ ಕೊಂಡು ಸಿಗರೇಟು ಕಳ್ಳಸಾಗಣೆ ಮಾಡುವವರಿದ್ದರು. ಗೂಢಚಾರರು, ಶ್ರೀಮಂತರು, ಲೇಖಕರು ಎಲ್ಲರೂ ಬಂದರು. ಸಿಂಧಿ ವ್ಯಾಪಾರಿಗಳು ಇಲ್ಲೂ ಜಿಬ್ರಾಲ್ಟರ್‌ನಲ್ಲೂ ಅಂಗಡಿ ಹಾಕಿಕೊಂಡಿದ್ದರು. ಇಷ್ಟು ಸ್ವತಂತ್ರವಾದ ಊರು ಮತ್ತೆ ಹುಟ್ಟಲಿಲ್ಲ ಅಂತ ಬರೆಯುವವರು ಈಗಲೂ ಇದ್ದಾರೆ.

ಯಾರಿಗೆ ಸ್ವತಂತ್ರ ಅಂತ ನಾನು ಕೇಳುತ್ತೇನೆ. ಊರಿನಲ್ಲಿ ಹೆಚ್ಚಿನವರು ಮೊರಾಕ್ಕೊದವರು. ಸಭೆಯಲ್ಲಿ ಅವರಿಗೆ ಇದ್ದದ್ದು ಒಂಬತ್ತು ಸೀಟು. ಅದಕ್ಕೂ ಚುನಾವಣೆ ಇಲ್ಲ, ಮೆಂದೂಬ್ ನೇಮಿಸಿದವರೇ. ಬಂದರಿನಲ್ಲಿ ಮೂಟೆ ಹೊತ್ತವನಿಗೆ ಚಿನ್ನದ ಪೇಟೆಯಿಂದ ಏನಾಗಬೇಕಿತ್ತು? 1947ರ ಏಪ್ರಿಲ್‌ನಲ್ಲಿ ಸುಲ್ತಾನ ಐದನೇ ಮೊಹಮ್ಮದ್ ಇಲ್ಲಿಗೆ ಬಂದು ಮೆಂದೂಬನ ಬಂಗಲೆಯ ತೋಟದಲ್ಲಿ ಭಾಷಣ ಮಾಡಿದ. ಫ್ರಾನ್ಸನ್ನು ಹೊಗಳುವ ಸಾಲನ್ನು ಓದಲೇ ಇಲ್ಲ. ಅರಬ್ ದೇಶಗಳ ನಂಟಿನ ಬಗ್ಗೆ ಮಾತಾಡಿದ. ಬಾಯಿಬಿಟ್ಟು ಸ್ವಾತಂತ್ರ್ಯ ಅನ್ನಬೇಕಾಗಲೇ ಇಲ್ಲ, ಕೇಳಿದವರಿಗೆಲ್ಲ ಅರ್ಥ ಆಯಿತು. ಊರಿನ ದೊಡ್ಡ ಸಂತೆ ಚೌಕಕ್ಕೆ ಈಗ ‘1947 ಏಪ್ರಿಲ್ 9’ ಅಂತಲೇ ಹೆಸರು. 1952ರ ಮಾರ್ಚ್ 30ಕ್ಕೆ, ಫ್ರೆಂಚ್ ಆಳ್ವಿಕೆಗೆ ನಲವತ್ತು ವರ್ಷ ತುಂಬಿದ ದಿನ, ಬೀದಿಯಲ್ಲಿ ಗಲಭೆಯಾಯಿತು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ನೆನಪಿನ ಪುಸ್ತಕ ಬರೆದವರಲ್ಲಿ ಹೆಚ್ಚಿನವರು ಇದನ್ನು ಒಂದು ಸಾಲಲ್ಲಿ ದಾಟಿಬಿಡುತ್ತಾರೆ.

1956ರಲ್ಲಿ ಮೊರಾಕ್ಕೊಗೆ ಸ್ವಾತಂತ್ರ್ಯ ಬಂತು. ಅದೇ ಅಕ್ಟೋಬರ್ 29ಕ್ಕೆ ಟ್ಯಾಂಜಿಯರ್ ಕೂಡ ಸೇರಿತು. ದುಡ್ಡು ಓಡಿಹೋಗದಿರಲಿ ಅಂತ ವ್ಯಾಪಾರದ ಹಳೇ ಸವಲತ್ತನ್ನು ಕೆಲವು ವರ್ಷ ಹಾಗೇ ಬಿಟ್ಟರು. ಆದರೂ ಚಿನ್ನ ಜಿನೀವಾದ ದಾರಿ ಹಿಡಿದಿತ್ತು. 1960ರಲ್ಲಿ ಆ ಸವಲತ್ತನ್ನೂ ತೆಗೆದರು. ಆಮೇಲೆ ದೊರೆ ಎರಡನೇ ಹಸನ್ ಉತ್ತರದ ಕಡೆ ತಿರುಗಿ ನೋಡಿದ್ದು ಕಡಿಮೆ. ಊರು ದಶಕಗಟ್ಟಲೆ ಸೊರಗಿತು.

ಬದಲಾದದ್ದು 1999ರಲ್ಲಿ ಆರನೇ ಮೊಹಮ್ಮದ್ ದೊರೆಯಾಗಿ ಬಂದ ಮೇಲೆ. ಊರಿನಿಂದ ನಲವತ್ತು ಕಿಲೋಮೀಟರ್ ಪೂರ್ವಕ್ಕೆ ಟ್ಯಾಂಜಿಯರ್ ಮೆಡ್ ಅಂತ ಹೊಸ ಬಂದರು ಕಟ್ಟಿದರು, 2007ರಲ್ಲಿ ಶುರುವಾಯಿತು. 2024ರಲ್ಲಿ ಅಲ್ಲಿ ಒಂದು ಕೋಟಿಗೂ ಹೆಚ್ಚು ಕಂಟೇನರ್ ಲೆಕ್ಕದ ಸರಕು ಓಡಾಡಿದೆ. ಅಷ್ಟು ಸರಕು ಮೆಡಿಟರೇನಿಯನ್‌ನ ಬೇರಾವ ಬಂದರಿನಲ್ಲೂ ಇಲ್ಲ. ಹಳೇ ಬಂದರಿನಲ್ಲಿ ಈಗ ಸ್ಪೇನಿನ ತಾರೀಫಾಕ್ಕೆ ಹೋಗುವ ಫೆರಿ, ವಿಹಾರದ ದೋಣಿಗಳು ಅಷ್ಟೇ. 2018ರಿಂದ ಕಾಸಾಬ್ಲಾಂಕಾಕ್ಕೆ ವೇಗದ ರೈಲೂ ಇದೆ. ಆಡಳಿತಕ್ಕೆ ಊರಿನವರು ಆರಿಸಿದ ನಗರಸಭೆ ಇದೆ, ಅದರ ಮೇಲೆ ದೊರೆ ನೇಮಿಸಿದ ವಾಲಿ, ಅಂದರೆ ಗವರ್ನರ್ ಇದ್ದಾನೆ. ಯಾರ ಮಾತು ನಡೆಯುತ್ತದೆ ಅಂತ ನೀನೇ ಊಹಿಸು.

ಜಲಸಂಧಿಯ ಜಗಳ ಮಾತ್ರ ಮುಗಿದಿಲ್ಲ. ಜಿಬ್ರಾಲ್ಟರ್ ನಮ್ಮ ನೆಲ, ಕೊಡಿ ಅಂತ ಸ್ಪೇನ್ ಬ್ರಿಟನ್ನನ್ನು ಕೇಳುತ್ತಲೇ ಇದೆ. ಇತ್ತ ಆಫ್ರಿಕಾದ ದಡದಲ್ಲೇ ಇರುವ ಸೆಉಟಾ ಅನ್ನುವ ಊರನ್ನು ತಾನೇ ಇಟ್ಟುಕೊಂಡಿದೆ. ಅದು ನಮ್ಮ ನೆಲ ಅಂತ ಮೊರಾಕ್ಕೊ ಸ್ಪೇನನ್ನು ಕೇಳುತ್ತದೆ. ಆಗ ಸ್ಪೇನ್ ಕೊಡುವ ಉತ್ತರ, ಬ್ರಿಟನ್ ಸ್ಪೇನ್‌ಗೆ ಕೊಡುವ ಉತ್ತರ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನಗು ಬರುತ್ತೆ. ಅದಕ್ಕೆ ಇನ್ನೊಂದು ಪತ್ರವೇ ಬೇಕು.

ಅತ್ತಿಗೆಗೆ ನಮಸ್ಕಾರ ಹೇಳು. ಉಳಿದದ್ದು ಫೋನಿನಲ್ಲಿ ಮಾತಾಡೋಣ.

ಇಂತಿ ನಿನ್ನ
ಗೆಳೆಯ