ತೆರೆದ ಬಾಗಿಲೆಲ್ಲ ದೇವರದ್ದೇನಾ?

ಪ್ರೀತಿಯ ತಂಗಿ,

ಕೆಲಸ ಬಿಡುವ ವಿಷಯದಲ್ಲಿ ದೇವರ ಚಿತ್ತ ಹುಡುಕಿದ ಬಗ್ಗೆ ನೀನು ಬರೆದ ಲೇಖನ ಓದಿದೆ. ಕೆಲಸ ಬಿಡಬೇಕಾ, ಇರಬೇಕಾ ಎಂದು ನೀನು ಒದ್ದಾಡಿದ ಭಾಗ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ. ಆಮೇಲೆ ‘ತುಂಬಾ ಪ್ರಾರ್ಥಿಸಿದೆ, ದೇವರು ಬಾಗಿಲು ತೆರೆದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಓದುವವರಿಗೆ ಬೇಕಾಗಿರುವುದು ಆ ಸಾಲಿನ ಒಳಗೆ ನಡೆದದ್ದೇ. ಅಂಥದ್ದೇ ಪ್ರಶ್ನೆ ಇಟ್ಟುಕೊಂಡು ಮೊಣಕಾಲೂರಿದವರು ನಿನ್ನ ಫಲಿತಾಂಶ ತಗೊಂಡು ಏನು ಮಾಡಬೇಕು?

‘ಬಾಗಿಲು ತೆರೆದರು’ ಅನ್ನುವ ಮಾತು, ದೇವರು ನಡೆಸಿದ್ದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ನಮ್ಮ ಸಾಕ್ಷಿಗಳಲ್ಲಿ ಸಲೀಸಾಗಿ ಬರುತ್ತದೆ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಅದು ಅಷ್ಟು ಸಲೀಸಲ್ಲ. ಪ್ರವಾದಿ ಯೋನ, ದೇವರು ಹೋಗು ಎಂದ ನಿನೆವೆಗೆ ಹೋಗದೆ ತಪ್ಪಿಸಿಕೊಳ್ಳಲು ಯೊಪ್ಪ ಬಂದರಿಗೆ ಬಂದಾಗ ತಾರ್ಷೀಷಿಗೆ ಹೊರಡುವ ಹಡಗು ಸಿಕ್ಕಿತು. ಪ್ರಯಾಣದ ದುಡ್ಡೂ ಕೈಯಲ್ಲಿತ್ತು. ಅವನೂ ಸಾಕ್ಷಿ ಹೇಳಲು ನಿಂತಿದ್ದರೆ ‘ಎಲ್ಲಾ ತಾನಾಗಿ ಕೂಡಿಬಂತು’ ಅನ್ನಬಹುದಿತ್ತು, ಅಲ್ವಾ? ಅಪೊಸ್ತಲ ಪೌಲನದು ಇದರ ತಿರುವುಮುರುವು. ತ್ರೋವ ಎಂಬ ಊರಲ್ಲಿ ಕರ್ತನ ಕೆಲಸಕ್ಕೆ ಬಾಗಿಲು ತೆರೆದಿತ್ತು ಎಂದು ಅವನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 2ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಆದರೂ ಜೊತೆ ಕೆಲಸಗಾರ ತೀತ ಸಿಗಲಿಲ್ಲ, ಮನಸ್ಸಿಗೆ ನೆಮ್ಮದಿ ಇಲ್ಲ ಎಂದು ಮಕೆದೋನ್ಯಕ್ಕೆ ಹೊರಟುಬಿಟ್ಟ. ಹೊರಟಿದ್ದು ಸರಿ ಎಂದು ಅಲ್ಲಿ ವಾದ ಮಾಡುವುದಿಲ್ಲ, ಮುಚ್ಚಿಡುವುದೂ ಇಲ್ಲ. ಎರಡೇ ವಚನ. ಬರೆಯುವವರು ಮತ್ತೆ ಮತ್ತೆ ಓದಬೇಕಾದ ವಚನಗಳು.

ಗಿದ್ಯೋನನ ಉಣ್ಣೆಯನ್ನು ನೀನು ದೇವರ ಚಿತ್ತ ತಿಳಿಯುವ ವಿಧಾನ ಎಂಬಂತೆ ತಂದಿದ್ದೀಯ. ನ್ಯಾಯಸ್ಥಾಪಕರು 6ನೇ ಅಧ್ಯಾಯ ಇನ್ನೊಮ್ಮೆ ನೋಡು. ಉಣ್ಣೆ ಹಾಸಿ, ಇಬ್ಬನಿ ಅದರ ಮೇಲೆ ಮಾತ್ರ ಬೀಳಲಿ, ಮಾರನೆಯ ಸಲ ಅದರ ಮೇಲೆ ಮಾತ್ರ ಬೀಳದಿರಲಿ ಎಂದು ಅವನು ದೇವರಲ್ಲಿ ಗುರುತು ಕೇಳುತ್ತಾನೆ. ಆದರೆ ಏನು ಮಾಡಬೇಕೆಂದು ದೇವರು ಅವನಿಗೆ ಮೊದಲೇ ಹೇಳಿ ಆಗಿತ್ತು. ಉಣ್ಣೆ ಹಾಸಿದ್ದು ಧೈರ್ಯ ಸಾಲದೆ. ಎರಡನೇ ಸಲ ಕೇಳುವಾಗ ‘ಕೋಪ ಮಾಡಬೇಡ’ ಎಂದು ಬೇಡಿಕೊಳ್ಳುತ್ತಾನೆ. ಆ ಅಳುಕನ್ನು ಬಿಟ್ಟು ಬರೀ ಉಣ್ಣೆ ಹಿಡಿದುಕೊಂಡರೆ ಕಥೆಯೇ ಬದಲಾಗುತ್ತದೆ.

ನನಗೆ ಈ ವಿಷಯದಲ್ಲಿ ಜಾಸ್ತಿ ಇಷ್ಟವಾಗುವುದು ಅಪೊಸ್ತಲರ ಕೃತ್ಯಗಳು 16. ಪೌಲನಿಗೂ ಜೊತೆಗಾರರಿಗೂ ಆಸ್ಯ ಸೀಮೆಯಲ್ಲಿ ದೇವರ ವಾಕ್ಯ ಸಾರಲು ಪವಿತ್ರಾತ್ಮನಿಂದ ತಡೆ. ಬಿಥೂನ್ಯಕ್ಕೆ ಹೊರಟರೆ ಅಲ್ಲೂ ತಡೆ. ಯಾಕೆ ಎಂದು ಯಾರೂ ಅವರಿಗೆ ವಿವರಿಸುವುದಿಲ್ಲ. ಆಮೇಲೆ ರಾತ್ರಿ ದರ್ಶನದಲ್ಲಿ ಮಕೆದೋನ್ಯದವನೊಬ್ಬ ಕರೆಯುತ್ತಾನೆ. ದರ್ಶನ ಕಂಡದ್ದು ಪೌಲ ಒಬ್ಬನಿಗೆ. ಅದು ದೇವರ ಕರೆ ಎಂದು ನಿಶ್ಚಯಿಸಿಕೊಂಡದ್ದು ಮಾತ್ರ ‘ನಾವು’, ಅಂದರೆ ಎಲ್ಲರೂ ಸೇರಿ, ಎಂದು ಬರೆದಿದೆ. ಹೋದಮೇಲೆ ಏನಾಯಿತು? ಫಿಲಿಪ್ಪಿಯಲ್ಲಿ ಪೌಲ, ಸೀಲ ಇಬ್ಬರಿಗೂ ಏಟು, ಸೆರೆಮನೆ. ಹಾಗಾಗಿ ‘ಈಗ ಎಲ್ಲ ಸುಗಮ, ಅಂದರೆ ಅದು ದೇವರ ಚಿತ್ತವೇ’ ಅನ್ನುವ ನಿನ್ನ ಕೊನೆಯ ಪ್ಯಾರಾ ತೆಗೆದುಬಿಡು. ಕೆಲಸ ಬಿಟ್ಟು ಕಷ್ಟಕ್ಕೆ ಬಿದ್ದವರೂ ಅದನ್ನು ಓದುತ್ತಾರೆ.

(ಸುಳ್ಳು ಲೆಕ್ಕ ಬರೆಯಬೇಕಾ ಬೇಡವಾ ಅನ್ನುವಂಥ ಪ್ರಶ್ನೆಗಳನ್ನು ಈ ಲೇಖನಕ್ಕೆ ತರಬೇಡ. ಅದು ತಪ್ಪೆಂದು ಗೊತ್ತೇ ಇದೆ, ತಿಳಿಯಲು ಉಪವಾಸ ಪ್ರಾರ್ಥನೆ ಬೇಕಿಲ್ಲ.)

ಹಾಗಾದರೆ ಏನು ಬರೆಯಲಿ ಅಂತೀಯಾ? ಪ್ರಾರ್ಥನೆಗೆ ಕೂರುವ ಮೊದಲೇ ನಿನಗೆ ಯಾವ ಉತ್ತರ ಬೇಕಿತ್ತು ಎಂದು ಬರೆ. ಸೆರೆಸಿಕ್ಕುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸು, ಆ ಕಷ್ಟ ತಪ್ಪಲಿ ಅನ್ನುವ ತನ್ನ ಆಸೆಯನ್ನು ತಂದೆಯ ಮುಂದೆ ಬಿಚ್ಚಿ ಹೇಳಿಯೇ ‘ನಿನ್ನ ಚಿತ್ತದಂತೆ’ ಅಂದದ್ದು. ಅದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದ. ನೀನು ಮಾತ್ರ ಯಾವ ಆಸೆಯೂ ಇಲ್ಲದವಳ ಹಾಗೆ ಕಾಣುತ್ತೀಯ. ನಂಬೋಕಾಗಲ್ಲ. ಕೆಲಸ ಬಿಡಬೇಡ ಅಂದವರು ಯಾರು, ಅವರ ಮಾತಿನಲ್ಲಿ ಹುರುಳಿತ್ತಾ? ಸಭಾಪಾಲಕರ (ಪಾಸ್ಟರ್) ಹತ್ತಿರ ಹೋದೆ ಎಂದಿದ್ದೀಯ, ಅವರು ಏನು ಕೇಳಿದರು ಅನ್ನುವುದೇ ಇಲ್ಲ. ಯಾಕೋಬ 1:5 ಜ್ಞಾನ ಕೇಳಿಕೊಳ್ಳಿರಿ ಅನ್ನುತ್ತದೆ. ಜ್ಞಾನ ಸಿಕ್ಕಿದರೂ ಕೂತು ಯೋಚಿಸುವ ಕೆಲಸ ನಮಗೇ ಉಳಿಯುತ್ತದೆ. ಆ ಕೆಲಸವನ್ನು ತೋರಿಸು.

‘ದೇವರು ನನಗೆ ಹೇಳಿದರು’ ಎಂದು ನಾಲ್ಕಾರು ಕಡೆ ಬಂದಿದೆ. ಕೇಳಿಸಿದ್ದು ನಿಜವೇ ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗಂದಮೇಲೆ ನಿನ್ನನ್ನು ಯಾರೂ ಏನೂ ಕೇಳುವ ಹಾಗಿಲ್ಲ. ‘ಹೀಗೆ ನಡೆಸಿದರೆಂದು ನಂಬಿ ಹೊರಟೆ’ ಅಂತ ಬರೆದು ನೋಡು. ನಂಬಿಕೆಯೇನೂ ಕಮ್ಮಿಯಾಗುವುದಿಲ್ಲ.

ಇನ್ನೊಂದು. ಆಫೀಸಿನ ಆ ಗೆಳತಿಯ ಕಥೆ ಹಾಕಿದ್ದೀಯಲ್ಲ, ಅವಳಿಗೆ ಮೊದಲು ಓದಲು ಕೊಡು. ಬೇಡ ಅಂದರೆ ಆ ಭಾಗ ತೆಗೆದು ಉಳಿದದ್ದನ್ನು ನನಗೆ ಕಳಿಸು.

ಇಂತಿ ನಿನ್ನ ಅಣ್ಣ